ಬಿಸಿನೀರಿನ ಊರಲ್ಲಿ ಒಂದು ಮನೆತನದ ಸಮಾಧಿ: ಬಾಡೆನ್-ಬಾಡೆನ್‌ನ ಸ್ತುರ್ಜಾ ಚಾಪೆಲ್ ಉಳಿಯಬೇಕಾದರೆ

ಊರಿಗೆ ಬಂದವರು ನೀರಿಗೆ ಬಾರದೆ ಇರುತ್ತಾರೆಯೇ ಎಂಬ ಗಾದೆ ಜರ್ಮನಿಯ ಬಾಡೆನ್-ಬಾಡೆನ್‌ಗೆ ಅಕ್ಷರಶಃ ಒಪ್ಪುತ್ತದೆ. ಆ ಊರಿನ ಹೆಸರಿನ ಅರ್ಥವೇ ಸ್ನಾನ. ಫ್ಲೊರೆಂಟಿನರ್ ಗುಡ್ಡದಿಂದ ಉಕ್ಕುವ ಚಿಲುಮೆಗಳಲ್ಲಿ ಅತಿ ಬಿಸಿಯದು 68 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ದಿನಕ್ಕೆ ಸುಮಾರು 8 ಲಕ್ಷ ಲೀಟರ್ ನೀರು ಹೊರಬರುತ್ತದೆ. ರೋಮನ್ನರು ಅಲ್ಲಿ ಸ್ನಾನಗೃಹ ಕಟ್ಟಿದ್ದರು. 19ನೇ ಶತಮಾನದಲ್ಲಿ ಯುರೋಪಿನ ರಾಜರು, ಗದ್ದಿಗೆ ಕಳೆದುಕೊಂಡ ರಾಜರು, ಸಾಹುಕಾರರು, ಜೂಜುಗಾರರು ಬೇಸಿಗೆಯಾಯಿತೆಂದರೆ ಇಲ್ಲಿಗೆ ಬರುತ್ತಿದ್ದರು. ಹಾಗೆ ಬಂದು ನೆಲೆಯೂರಿದವರಲ್ಲಿ ಮೊಲ್ಡಾವಿಯಾದ (ಇಂದಿನ ರುಮೇನಿಯಾದ ಪೂರ್ವಭಾಗವನ್ನು ಒಳಗೊಂಡಿದ್ದ ಸಂಸ್ಥಾನ) ಮಾಜಿ ಅರಸ ಮಿಹಾಯಿಲ್ ಸ್ತುರ್ಜಾ ಒಬ್ಬ. ಊರಿನ ಪಕ್ಕದ ಮಿಖಾಯೆಲ್ಸ್‌ಬೆರ್ಗ್ ಗುಡ್ಡದ ಮೇಲೆ ಅವನು ಕಟ್ಟಿಸಿದ ಸಮಾಧಿ ಮಂದಿರ, ಅಂದರೆ ಸ್ತುರ್ಜಾ ಚಾಪೆಲ್ (ಚಾಪೆಲ್ ಎಂದರೆ ಸಣ್ಣ ಚರ್ಚು), ಇಂದಿಗೂ ರುಮೇನಿಯಾದ ಆರ್ಥೊಡಾಕ್ಸ್ (ಪೂರ್ವ ಯುರೋಪಿನ ಹಳೆಯ ಪಂಥದ) ಕ್ರೈಸ್ತರ ಪ್ರಾರ್ಥನಾ ಮಂದಿರವಾಗಿ ನಡೆಯುತ್ತಿದೆ. ಈ ಲೇಖನದ ಕೇಂದ್ರ ಅದೇ ಮಂದಿರ. ಒಂದೂವರೆ ಶತಮಾನ ದಾಟಿದ ಮನೆತನದ ಸ್ಮಾರಕವನ್ನು ಇವತ್ತು ಯಾವುದು ಕೆಡಿಸುತ್ತದೆ, ಯಾವುದು ಕಾಯುತ್ತದೆ, ಅದಕ್ಕೆ ಯಾರು ಏನು ಮಾಡಬೇಕು ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ಸ್ತುರ್ಜಾ ಮೊಲ್ಡಾವಿಯಾವನ್ನು ಆಳಿದ್ದು 1834ರಿಂದ 1849ರವರೆಗೆ. ಗದ್ದಿಗೆ ಬಿಟ್ಟ ಮೇಲೆ ಅವನ ಬದುಕು ಪ್ಯಾರಿಸ್ ಮತ್ತು ಬಾಡೆನ್-ಬಾಡೆನ್ ನಡುವೆ ಹಂಚಿಹೋಯಿತು. 1863ರಲ್ಲಿ ಅವನ ಮಗ, ಅಪ್ಪನ ಹೆಸರನ್ನೇ ಹೊತ್ತಿದ್ದ ಹದಿನೇಳರ ಹುಡುಗ, ಪ್ಯಾರಿಸ್‌ನಲ್ಲಿ ತೀರಿಕೊಂಡ. ಆ ಮಗನ ನೆನಪಿಗೆ ಮತ್ತು ಮನೆತನದವರನ್ನು ಹೂಳುವುದಕ್ಕೆ ಒಂದು ಮಂದಿರ ಬೇಕೆಂದು ಅಪ್ಪ ಮ್ಯೂನಿಕ್‌ನ ಲಿಯೊ ಫಾನ್ ಕ್ಲೆಂಜ಼ೆಯ ಬಳಿ ಹೋದ. ಮ್ಯೂನಿಕ್‌ನ ಗ್ಲಿಪ್ಟೊಥೆಕ್, ರೆಗೆನ್ಸ್‌ಬುರ್ಗ್ ಬಳಿಯ ವಾಲ್‌ಹಲ್ಲಾ, ಸೇಂಟ್ ಪೀಟರ್ಸ್‌ಬರ್ಗ್‌ನ ಹೊಸ ಹರ್ಮಿಟೇಜ್ ಕಟ್ಟಿದ ವಾಸ್ತುಶಿಲ್ಪಿ ಅವನು. ನಕ್ಷೆ ಕೊಟ್ಟ ಕ್ಲೆಂಜ಼ೆ 1864ರ ಜನವರಿಯಲ್ಲಿ ತೀರಿಕೊಂಡ. ಕೆಲಸವನ್ನು ಗೆಯೊರ್ಗ್ ಡೋಲ್‌ಮನ್ ಮುಂದುವರಿಸಿ 1866ರಲ್ಲಿ ಮುಗಿಸಿದ. ಮುಂದೆ ಬವೇರಿಯಾದ ಎರಡನೇ ಲುಡ್ವಿಗ್ ದೊರೆಗೆ ಲಿಂಡರ್‌ಹೋಫ್ ಅರಮನೆ ಕಟ್ಟಿಕೊಟ್ಟವನು ಇದೇ ಡೋಲ್‌ಮನ್. ಅಪ್ಪ ಸ್ತುರ್ಜಾ 1884ರಲ್ಲಿ ಪ್ಯಾರಿಸ್‌ನಲ್ಲೇ ಸತ್ತ. ಅವನ ದೇಹವನ್ನು ತಂದು ಮಗನ ಬಳಿ ಇಟ್ಟರು.

ಮುಂದೆ ಗ್ರೀಕ್ ಗುಡಿಯಂತೆ ಅಯೋನಿಕ್ ಕಂಬಗಳ ಮುಖಮಂಟಪ, ಹಿಂದೆ ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ) ನೆನಪಿಸುವ ಗುಮ್ಮಟ, ಒಳಗೆ ಅಮೃತಶಿಲೆಯ ಸಮಾಧಿ ಶಿಲ್ಪಗಳು ಮತ್ತು ಭಿತ್ತಿಚಿತ್ರ. ಕ್ಲೆಂಜ಼ೆ ಗ್ರೀಕ್ ಶೈಲಿಗೆ ಮನಸೋತವನು, ಸ್ತುರ್ಜಾಗೆ ಬೇಕಾಗಿದ್ದದ್ದು ಆರ್ಥೊಡಾಕ್ಸ್ ಪೂಜೆಗೆ ಒದಗುವ ಗರ್ಭಗೃಹ. ಎರಡೂ ಬೆರೆತ ಈ ಕಟ್ಟಡ ಜರ್ಮನ್ ಕಾಡುಗುಡ್ಡದ ಮೇಲೆ ನಿಂತಿರುವುದು ವಿಚಿತ್ರವಾಗಿ ಕಾಣಬಹುದು. ಆದರೆ ಬಿಸಿನೀರಿನ ಊರುಗಳ ಚರಿತ್ರೆ ಗೊತ್ತಿದ್ದವರಿಗೆ ಇದು ವಿಚಿತ್ರವಲ್ಲ. ಕಾರ್ಲೊವಿ ವಾರಿ, ಮಾರಿಯಾನ್ಸ್ಕೆ ಲಾಜ಼್ನೆ, ಬಾಡ್ ಎಮ್ಸ್, ಎಲ್ಲ ಕಡೆಯೂ ರಷ್ಯನ್ನರ ಚರ್ಚುಗಳಿವೆ. ಬಾಡೆನ್-ಬಾಡೆನ್‌ನಲ್ಲೇ ರಷ್ಯನ್ ಚರ್ಚು 1882ರದ್ದು. ವೈದ್ಯರು ಆ ಕಾಲದಲ್ಲಿ ನೀರು ಕುಡಿಯುವುದರ ಜೊತೆಗೆ ನಡಿಗೆಯನ್ನೂ ಬರೆದುಕೊಡುತ್ತಿದ್ದರು. ಹೀಗಾಗಿ ಗುಡ್ಡದ ದಾರಿ, ಮರಗಳ ಸಾಲು, ದಾರಿಯ ಕೊನೆಯಲ್ಲಿ ಕಣ್ಣಿಗೆ ಬೀಳುವ ಒಂದು ಮಂದಿರ, ಇವೆಲ್ಲ ಚಿಕಿತ್ಸೆಯ ಭಾಗವೇ ಆಗಿದ್ದವು.

ಈಗ ಇದು ಚರ್ಚೆಗೆ ಬಂದಿರುವುದೂ ಆ ಕಾರಣಕ್ಕೇ. 2021ರ ಜುಲೈ 24ರಂದು ಯುನೆಸ್ಕೊ ‘ಯುರೋಪಿನ ಮಹಾ ಸ್ನಾನಪಟ್ಟಣಗಳು’ ಎಂಬ ಹೆಸರಿನಲ್ಲಿ ಏಳು ದೇಶಗಳ ಹನ್ನೊಂದು ಊರುಗಳನ್ನು ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಸ್ಟ್ರಿಯಾದ ಬಾಡೆನ್, ಬೆಲ್ಜಿಯಂನ ಸ್ಪಾ, ಫ್ರಾನ್ಸಿನ ವಿಶಿ, ಇಟಲಿಯ ಮೊಂಟೆಕಾಟಿನಿ ತೆರ್ಮೆ, ಇಂಗ್ಲೆಂಡಿನ ಬಾತ್, ಜೆಕ್ ದೇಶದ ಮೂರು ಊರು, ಜರ್ಮನಿಯ ಮೂರು ಊರು. ಪಟ್ಟಿಗೆ ಸೇರಿದ್ದು ಕೇವಲ ಸ್ನಾನಗೃಹಗಳಲ್ಲ. ಚಿಲುಮೆ, ಕುಡಿಯುವ ಮಂಟಪ, ಜೂಜಿನ ಮನೆ, ಹೋಟೆಲು, ಪ್ರಾರ್ಥನಾ ಮಂದಿರ, ತೋಟ, ಸುತ್ತಲಿನ ಗುಡ್ಡ ಎಲ್ಲ ಸೇರಿ ಒಂದು ವ್ಯವಸ್ಥೆ ಎಂಬುದೇ ಆ ಮನ್ನಣೆಯ ತಿರುಳು. ಆದ್ದರಿಂದ ಒಂದು ಸಮಾಧಿ ಮಂದಿರದ ಸ್ಥಿತಿಯೂ ಗುಡ್ಡದ ಇಳಿಜಾರಿನಲ್ಲಿ ಏಳುವ ಹೊಸ ಮನೆಯ ಎತ್ತರವೂ ಈಗ ಅಂತರರಾಷ್ಟ್ರೀಯ ಪ್ರಶ್ನೆಗಳೇ. ಈ ಊರುಗಳು ಪಟ್ಟಿಗೆ ಸೇರುವ ಮೂರು ದಿನ ಮೊದಲು, ಅದೇ ಅಧಿವೇಶನದಲ್ಲಿ, ಲಿವರ್‌ಪೂಲ್ ಪಟ್ಟಿಯಿಂದ ಹೊರಬಿತ್ತು. ಜರ್ಮನಿಗೆ ಇದರ ರುಚಿ ಮೊದಲೇ ಗೊತ್ತಿತ್ತು. ಎಲ್ಬೆ ನದಿಗೆ ಹೊಸ ಸೇತುವೆ ಕಟ್ಟಿದ್ದಕ್ಕೆ 2009ರಲ್ಲಿ ಡ್ರೆಸ್ಡೆನ್ ಕಣಿವೆ ಆ ಮನ್ನಣೆ ಕಳೆದುಕೊಂಡಿತ್ತು.

ಆದರೆ ಮನ್ನಣೆಯ ಜೊತೆ ಹಣ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಶ್ರೀಮಂತ ದೇಶಗಳ ಕಟ್ಟಡ ರಿಪೇರಿಗೆ ಯುನೆಸ್ಕೊ ಹಣ ಕೊಡುವುದಿಲ್ಲ. ಕಾಯುವ ಹೊಣೆ ಆಯಾ ದೇಶದ ಕಾನೂನಿನದು. ಜರ್ಮನಿಯಲ್ಲಿ ಅದು ರಾಜ್ಯಗಳ ವಿಷಯ. ಬಾಡೆನ್-ವುರ್ಟೆಂಬೆರ್ಗ್ ರಾಜ್ಯದ ಸ್ಮಾರಕ ರಕ್ಷಣಾ ಕಾಯಿದೆ 1972ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸ್ಮಾರಕದ ಮಾಲೀಕರು ತಮ್ಮ ಶಕ್ತಿಗೆ ನ್ಯಾಯವಾಗಿ ನಿಲುಕುವಷ್ಟು ಮಟ್ಟಿಗೆ ಅದನ್ನು ಕಾಪಾಡಬೇಕು, ಅದರ ರೂಪಕ್ಕೆ ಕೈಹಾಕುವ ಮುನ್ನ ಅನುಮತಿ ಪಡೆಯಬೇಕು. ಹಣದ ಭಾರ ತಗ್ಗಿಸಲು ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ. ಬಾಡಿಗೆಗೂ ವಾಸಕ್ಕೂ ಬಳಸದ ಸ್ಮಾರಕಕ್ಕೆ ಮಾಲೀಕ ಮಾಡಿದ ಖರ್ಚಿನಲ್ಲಿ ವರ್ಷಕ್ಕೆ ಶೇ 9ರವರೆಗೆ, ಹತ್ತು ವರ್ಷ, ಆದಾಯದಿಂದ ಕಳೆಯಬಹುದು. ಷರತ್ತುಗಳು ಎರಡು: ಕೆಲಸ ಶುರುವಾಗುವ ಮೊದಲೇ ಸ್ಮಾರಕ ಇಲಾಖೆಯ ಜೊತೆ ಮಾತಾಡಿ ಒಪ್ಪಿಗೆ ಪಡೆದಿರಬೇಕು, ಮತ್ತು ಸ್ಮಾರಕವನ್ನು ಸಂಶೋಧಕರಿಗೋ ಸಾರ್ವಜನಿಕರಿಗೋ ತೆರೆದಿಡಬೇಕು. ಕೆಲಸ ಮುಗಿಸಿ ಬಿಲ್ಲು ಹಿಡಿದು ಹೋದವರಿಗೆ ಬರಿಗೈ. ಆದರೆ ತೆರಿಗೆಯನ್ನೇ ಕಟ್ಟದ ಧರ್ಮಸಂಸ್ಥೆಗೆ ಈ ರಿಯಾಯಿತಿಯಿಂದ ಉಪಯೋಗವಿಲ್ಲ. ಅಂಥವರಿಗೆ ದಾರಿ ಎಂದರೆ ರಾಜ್ಯದ ಅನುದಾನ ಮತ್ತು ಲಾಟರಿ ಹಣದಿಂದ ನಡೆಯುವ ಸ್ಮಾರಕ ನಿಧಿಗಳು.

ಇನ್ನು ಕಟ್ಟಡದ ವಿಷಯ. ಪ್ರವಾಸಿಗರು ಮೊದಲು ಕೇಳುವುದು ಬಿಸಿನೀರಿನ ಉಪ್ಪಿನಿಂದ ಕಲ್ಲು ಹಾಳಾಗುತ್ತದೆಯೇ ಎಂದು. ಇಲ್ಲ. ಬಾಡೆನ್-ಬಾಡೆನ್‌ನ ನೀರಿನಲ್ಲಿ ಅಡುಗೆ ಉಪ್ಪಿನ ಅಂಶವೇ ಹೆಚ್ಚು ನಿಜ, ಆದರೆ ಚಿಲುಮೆಗಳಿರುವುದು ಬೇರೆ ಗುಡ್ಡದಲ್ಲಿ. ಚಾಪೆಲ್ಲಿಗೆ ಶತ್ರು ಮೇಲಿನಿಂದ ಬರುವ ನೀರು, ಕೆಳಗಿನಿಂದ ಏರುವ ತೇವ, ಮತ್ತು ಒಳಗಿನ ಗಾಳಿಗೆ ಸೇರುವ ಆವಿ.

ಬಾಡೆನ್-ಬಾಡೆನ್ ಇರುವ ಕಪ್ಪುಕಾಡು (ಬ್ಲ್ಯಾಕ್ ಫಾರೆಸ್ಟ್) ಸೀಮೆಯ ಹಳೆಯ ಕಲ್ಲಿನ ಕಟ್ಟಡಗಳಲ್ಲಿ ಮರಳುಗಲ್ಲು ಸಾಮಾನ್ಯ. ಬಾದಾಮಿ, ಪಟ್ಟದಕಲ್ಲು ನೋಡಿದವರಿಗೆ ಮರಳುಗಲ್ಲು ಎಂದರೆ ಸಾವಿರ ವರ್ಷ ಬಾಳುವ ಕಲ್ಲು. ಆದರೆ ಎಲ್ಲ ಮರಳುಗಲ್ಲೂ ಒಂದೇ ಅಲ್ಲ. ಮರಳಿನ ಕಣಗಳನ್ನು ಹಿಡಿದಿಡುವ ಬಂಧ ಸಿಲಿಕದ್ದಾದರೆ ಕಲ್ಲು ಗಟ್ಟಿ, ಜೇಡಿಯದ್ದಾದರೆ ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಸಡಿಲವಾಗುತ್ತದೆ. ಜೊತೆಗೆ ಬಾದಾಮಿಯಲ್ಲಿ ಇಲ್ಲದ ಒಂದು ಕಾಟ ಇಲ್ಲಿದೆ, ಹಿಮ. ಕಲ್ಲಿನ ರಂಧ್ರಗಳಲ್ಲಿ ತುಂಬಿದ ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗುತ್ತದೆ. ಒಂದೇ ಚಳಿಗಾಲದಲ್ಲಿ ಹತ್ತಾರು ಸಲ ಹೆಪ್ಪುಗಟ್ಟಿ ಕರಗಿದರೆ ಮೇಲ್ಮೈ ಪುಡಿಯಾಗಿ ಉದುರುತ್ತದೆ. ಕಲ್ಲನ್ನು ಗಣಿಯಲ್ಲಿ ಮಲಗಿದ್ದ ಪದರದ ದಿಕ್ಕಿನಲ್ಲೇ ಗೋಡೆಗೆ ಇಡಬೇಕೆಂಬುದು ಕಲ್ಲುಕುಟಿಗರ ಹಳೆಯ ನಿಯಮ. ಪದರ ಹೊರಮುಖವಾಗಿ ನಿಂತರೆ ಈರುಳ್ಳಿ ಸಿಪ್ಪೆಯಂತೆ ಒಂದೊಂದೇ ಹೊರೆ ಕಳಚುತ್ತದೆ. ಎತ್ತರದ ಕಂಬ ಕೆತ್ತುವಾಗ ಈ ನಿಯಮ ಪಾಲಿಸುವುದು ಕಷ್ಟ, ಏಕೆಂದರೆ ಅಷ್ಟು ದಪ್ಪದ ಪದರ ಸಿಗುವುದಿಲ್ಲ. ಹಾಗಾಗಿ ತಪಾಸಣೆಗೆ ಹೋದವರು ಮೊದಲು ನೋಡಬೇಕಾದದ್ದು ಕಂಬಗಳನ್ನು. ಮರದ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು ಬಂದ ಕಡೆ ಪದರ ಬಿಟ್ಟಿದೆ ಎಂದೇ ಅರ್ಥ.

ಇಂಥ ಗೋಡೆಗಳಿಗೆ 20ನೇ ಶತಮಾನದಲ್ಲಿ ಆದ ದೊಡ್ಡ ಅನ್ಯಾಯ ಸಿಮೆಂಟು. ಸುಣ್ಣದ ಗಾರೆಯ ಸಂದುಗಳನ್ನು ಕೆದಕಿ ಸಿಮೆಂಟು ತುಂಬಿದರೆ ಕೆಲವು ವರ್ಷ ಚೊಕ್ಕಟವಾಗಿ ಕಾಣುತ್ತದೆ. ಆಮೇಲೆ ತೊಂದರೆ ಶುರು. ಗೋಡೆಯೊಳಗಿನ ತೇವ ಹೊರಹೋಗುವ ದಾರಿ ಸಂದಿನ ಗಾರೆ. ಅದು ಮುಚ್ಚಿದರೆ ತೇವ ಕಲ್ಲಿನ ಅಂಚಿನಿಂದ ಹೊರಬರುತ್ತದೆ, ಉಪ್ಪು ಅಲ್ಲೇ ಹರಳುಗಟ್ಟುತ್ತದೆ, ಅಂಚು ಸವೆಯುತ್ತದೆ. ಕೊನೆಗೆ ಕಲ್ಲು ಒಳಕ್ಕೆ ಸರಿದು ಸಿಮೆಂಟಿನ ಸಂದು ಏಣಿನಂತೆ ಹೊರಚಾಚಿ ನಿಲ್ಲುತ್ತದೆ. ಸಂದು ಕಲ್ಲಿಗಿಂತ ಮೆತ್ತಗಿರಬೇಕು, ಕಲ್ಲಿಗೆ ಬರುವ ಪೆಟ್ಟನ್ನು ಅದು ತಾನು ತಿನ್ನಬೇಕು. ಈ ಒಂದು ಮಾತು ಮೇಸ್ತ್ರಿಗೆ ಮನದಟ್ಟಾದರೆ ಅರ್ಧ ಕೆಲಸ ಮುಗಿಯಿತು.

ಸರಿಪಡಿಸುವ ಕ್ರಮ ಹೀಗೆ. ಸಿಮೆಂಟನ್ನು ಕೈ ಉಳಿಯಿಂದಲೇ ತೆಗೆಯಬೇಕು. ವಿದ್ಯುತ್ ಗರಗಸ ತಗುಲಿಸಿದರೆ ಸಂದಿನ ತುದಿಯಲ್ಲಿ ಅಕ್ಕಪಕ್ಕದ ಕಲ್ಲಿಗೂ ಗೀರು ಬೀಳುತ್ತದೆ, ಆ ಗೀರು ಎಂದಿಗೂ ಮಾಯದು. ಸಂದಿನ ಅಗಲದ ಎರಡರಷ್ಟು ಆಳ, ಕಡಿಮೆಯೆಂದರೆ 20ರಿಂದ 25 ಮಿಲಿಮೀಟರ್, ಕೆದಕಬೇಕು. ಧೂಳು ಗುಡಿಸಿ ತೆಗೆದು, ನೀರು ಚಿಮುಕಿಸಿ, ನೀರಿನ ಹೊಳಪು ಆರಿದ ಮೇಲೆ ಗಾರೆ ತುಂಬಬೇಕು. ನೈಸರ್ಗಿಕ ಹೈಡ್ರಾಲಿಕ್ ಸುಣ್ಣ (ನೀರು ಸೇರಿದರೆ ಗಟ್ಟಿಯಾಗುವ ಸುಣ್ಣ), 2 ಅಥವಾ 3.5ರ ದರ್ಜೆಯದು, ಒಂದು ಪಾಲು. ತೊಳೆದ ಒರಟು ಮರಳು ಎರಡೂವರೆ ಪಾಲು. ಒಂದೇ ಸಲ ತುರುಕದೆ 10ರಿಂದ 15 ಮಿಲಿಮೀಟರಿನ ಪದರಗಳಲ್ಲಿ ಒತ್ತಬೇಕು. ಮೇಲ್ಮೈಯನ್ನು ಕರಣೆಯಿಂದ ನುಣುಪು ಮಾಡಬಾರದು. ನುಣುಪಾದರೆ ಸುಣ್ಣದ ಹೊರಪದರ ಮುಚ್ಚಿಕೊಂಡು ಒಳಗಿನದು ಗಟ್ಟಿಯಾಗುವುದು ನಿಧಾನವಾಗುತ್ತದೆ. ಸ್ವಲ್ಪ ಬಿಗಿದ ಮೇಲೆ ಗಡಸು ಬ್ರಷ್‌ನಿಂದ ಕುಟ್ಟಿ ಒರಟು ಬಿಡಬೇಕು. ಆಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು ಕನಿಷ್ಠ ಒಂದು ವಾರ ತೇವ ಕಾಯಬೇಕು. ಉಷ್ಣತೆ 5 ಡಿಗ್ರಿಗಿಂತ ಕೆಳಗೆ ಹೋದರೆ ಸುಣ್ಣ ಹಿಡಿಯುವುದಿಲ್ಲ, ಹಸಿ ಗಾರೆಗೆ ಹಿಮ ತಗುಲಿದರೆ ವಸಂತದ ಹೊತ್ತಿಗೆ ಪುಡಿಯಾಗಿ ಬೀಳುತ್ತದೆ. ಹಾಗಾಗಿ ಜರ್ಮನಿಯ ಈ ಭಾಗದಲ್ಲಿ ಗಾರೆ ಕೆಲಸದ ಹಂಗಾಮು ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಅನುದಾನದ ಮಂಜೂರಾತಿ ಆಗಸ್ಟಿನಲ್ಲಿ ಕೈಸೇರಿ, ವರ್ಷದೊಳಗೆ ಖರ್ಚು ಮಾಡಿ ಎಂದು ಗಡುವು ಬಂದರೆ ಅಕ್ಟೋಬರ್‌ನಲ್ಲಿ ಅವಸರದ ಕೆಲಸ ನಡೆಯುತ್ತದೆ. ಸುಣ್ಣದ ಗಾರೆಗೆ ಕೆಟ್ಟ ಹೆಸರು ಬರುವುದು ಬಹುಪಾಲು ಇಂಥ ಅಕ್ಟೋಬರ್‌ಗಳಿಂದ.

ನೀರು ಹೀರದಂತೆ ಕಲ್ಲಿಗೆ ರಾಸಾಯನಿಕ ಬಳಿಯುವ ಆಸೆ ಎಲ್ಲರಿಗೂ ಬರುತ್ತದೆ. ಹೊರಗಿನ ಮಳೆಯನ್ನು ಅದು ತಡೆಯುತ್ತದೆ ನಿಜ. ಆದರೆ ಬಿರುಕುಗಳಿಂದ, ನೆಲದಿಂದ, ಮಾಡಿನಿಂದ ಒಳಬಂದ ನೀರು ಆ ಪದರದ ಹಿಂದೆ ನಿಲ್ಲುತ್ತದೆ. ಉಪ್ಪು ಅಲ್ಲಿ ಹರಳಾಗಿ ಕೆಲವು ಮಿಲಿಮೀಟರ್ ದಪ್ಪದ ಚಿಪ್ಪನ್ನೇ ನೂಕಿ ಬೀಳಿಸುತ್ತದೆ. ಬಳಿದದ್ದನ್ನು ತೆಗೆಯಲು ಬರುವುದಿಲ್ಲ. ಉಪ್ಪಿರುವ ಗೋಡೆಗೆ ಇದನ್ನು ಹಚ್ಚಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಉಪ್ಪನ್ನು ಹೊರಗೆಳೆಯಲು ಬೇರೆ ಉಪಾಯವಿದೆ. ಕಾಗದದ ನಾರು, ಬೆಂಟೊನೈಟ್ ಜೇಡಿ, ಮರಳು ಸೇರಿಸಿ ಶುದ್ಧ ನೀರಿನಲ್ಲಿ ಕಲಸಿ ಗೋಡೆಗೆ 2ರಿಂದ 3 ಸೆಂಟಿಮೀಟರ್ ದಪ್ಪದ ಪಟ್ಟು ಹಾಕುತ್ತಾರೆ. ಪಟ್ಟಿನ ನೀರು ಕಲ್ಲಿನೊಳಕ್ಕೆ ಇಳಿದು ಉಪ್ಪನ್ನು ಕರಗಿಸುತ್ತದೆ, ಪಟ್ಟು ಒಣಗುತ್ತ ಬಂದಂತೆ ಆ ಉಪ್ಪುನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಎರಡರಿಂದ ನಾಲ್ಕು ವಾರಗಳಲ್ಲಿ ಒಣಗಿ ಬಿಟ್ಟುಕೊಳ್ಳುತ್ತದೆ. ತೆಗೆದ ಪಟ್ಟಿನ ತುಂಡನ್ನು ನೀರಲ್ಲಿ ನೆನೆಸಿ ವಿದ್ಯುತ್ ವಾಹಕತೆ ಅಳೆದರೆ ಎಷ್ಟು ಉಪ್ಪು ಬಂದಿದೆ ಎಂದು ತಿಳಿಯುತ್ತದೆ. ಎರಡು ಮೂರು ಸುತ್ತು ಬೇಕಾಗುವುದು ಮಾಮೂಲು. ಇಲ್ಲಿ ಆಗುವ ತಪ್ಪು ಒಂದೇ: ಉಪ್ಪು ಎಲ್ಲಿಂದ ಬರುತ್ತಿದೆ ಎಂದು ನೋಡದೆ ಪಟ್ಟು ಹಾಕುವುದು. ಚಳಿಗಾಲದಲ್ಲಿ ಮೆಟ್ಟಿಲ ಮೇಲಿನ ಹಿಮ ಕರಗಿಸಲು ಉಪ್ಪು ಎರಚುತ್ತಿದ್ದರೆ, ಗೋಡೆಯ ಬುಡ ಅದನ್ನು ಪ್ರತಿವರ್ಷ ಹೊಸದಾಗಿ ಕುಡಿಯುತ್ತದೆ. ಉಪ್ಪಿನ ಬದಲು ಪುಡಿಗಲ್ಲು ಎರಚಿದರೆ ಸಾಕು, ಖರ್ಚೂ ಹೆಚ್ಚಿಲ್ಲ.

ಗುಡ್ಡದ ಮೇಲೆ ಮರಗಳ ನಡುವೆ ನಿಂತ ಕಟ್ಟಡಕ್ಕೆ ಅತ್ಯಂತ ಅಗ್ಗದ ಔಷಧ ಸೂರಿನ ದೋಣಿ ಶುಚಿ ಮಾಡುವುದು. ಎಲೆ ಉದುರಿದ ಮೇಲೆ ನವೆಂಬರ್‌ನಲ್ಲಿ ಒಮ್ಮೆ, ಹೂ ಉದುರಿದ ಮೇಲೆ ಮೇ ತಿಂಗಳಲ್ಲಿ ಒಮ್ಮೆ. ಈಗಿನ ಬಿರುಸು ಮಳೆಗಳ ಲೆಕ್ಕ ನೋಡಿ. ಹೆಕ್ಟೇರಿಗೆ ಸೆಕೆಂಡಿಗೆ 300 ಲೀಟರ್ ಎಂಬ ತೀವ್ರತೆ ಹಿಡಿದರೆ 100 ಚದರ ಮೀಟರ್ ಮಾಡಿನಿಂದ ನಿಮಿಷಕ್ಕೆ 180 ಲೀಟರ್ ನೀರು ಇಳಿಯುತ್ತದೆ. ದೋಣಿಯ ಬಾಯಲ್ಲಿ ಒಂದು ಹಿಡಿ ಎಲೆ ಸಿಕ್ಕಿಕೊಂಡರೆ ಅಷ್ಟೂ ನೀರು ಗೋಡೆಯ ಮೇಲೆ. ಹತ್ತು ನಿಮಿಷದ ಒಂದೇ ಮಳೆಗೆ 1800 ಲೀಟರ್. ಒದ್ದೆಯಾದ ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕು. ಗುಮ್ಮಟದ ಲೋಹದ ಹೊದಿಕೆಯ ಮಡಿಕೆಗಳನ್ನೂ ಆಗಲೇ ನೋಡಬೇಕು, ಏಕೆಂದರೆ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ತಗಡು ಮೊದಲು ಸೀಳುವುದು ಮಡಿಕೆಯಲ್ಲೇ.

ಒಳಗಿನ ಚಿತ್ರಗಳ ಕಥೆ ಇನ್ನೂ ಸೂಕ್ಷ್ಮ. ಚಳಿಗಾಲವೆಲ್ಲ ತಣ್ಣಗಿದ್ದ ದಪ್ಪ ಗೋಡೆ ಮೇ ತಿಂಗಳಲ್ಲೂ 14, 15 ಡಿಗ್ರಿಯಲ್ಲೇ ಇರುತ್ತದೆ. ಹೊರಗೆ ಬಿಸಿಲು ಚೆನ್ನಾಗಿದೆ, ಒಳಗೆ ಮುಗ್ಗಲು ವಾಸನೆ ಇದೆ ಎಂದು ಬಾಗಿಲೆಲ್ಲ ತೆರೆದಿಡುವುದು ಯಾರಿಗೂ ತೋಚುವ ಉಪಾಯ. ಅದೇ ಅನಾಹುತ. ಹೊರಗಿನ ಗಾಳಿ 25 ಡಿಗ್ರಿ, ತೇವಾಂಶ ಶೇ 60 ಇದ್ದರೆ ಪ್ರತಿ ಘನ ಮೀಟರಿನಲ್ಲಿ ಸುಮಾರು 13.8 ಗ್ರಾಂ ನೀರಿನ ಆವಿ ಇರುತ್ತದೆ. 15 ಡಿಗ್ರಿಯ ಗಾಳಿ ಹಿಡಿದುಕೊಳ್ಳಬಲ್ಲದ್ದು 12.8 ಗ್ರಾಂ ಮಾತ್ರ. ಮಿಕ್ಕಿದ್ದು ಭಿತ್ತಿಚಿತ್ರದ ಮೇಲೆ ಬೆವರಾಗಿ ಇಳಿಯುತ್ತದೆ. ಒಣಗಿಸಲು ತೆರೆದ ಬಾಗಿಲು ಒದ್ದೆ ಮಾಡಿತು. ಇದಕ್ಕೆ ಪರಿಹಾರ ದುಬಾರಿ ಯಂತ್ರವಲ್ಲ. ಒಳಗೊಂದು ಹೊರಗೊಂದು ಉಷ್ಣತೆ ಮತ್ತು ತೇವಾಂಶ ಅಳೆಯುವ ಸಾಧನ, ಗೋಡೆಯ ಮೇಲೆ ಒಂದು ತಾಪಮಾಪಕ. ಹೊರಗಿನ ಗಾಳಿಯ ನೀರಿನಂಶ ಒಳಗಿನದಕ್ಕಿಂತ ಘನ ಮೀಟರಿಗೆ ಕನಿಷ್ಠ 1 ಗ್ರಾಂ ಕಡಿಮೆ ಇದ್ದಾಗ ಮಾತ್ರ ಕಿಟಕಿ ತೆರೆಯಬೇಕು. ಬೇಸಿಗೆಯಲ್ಲಿ ಆ ಹೊತ್ತು ಬರುವುದು ಹೆಚ್ಚಾಗಿ ನಸುಕಿನಲ್ಲಿ. ಚಳಿಗಾಲದಲ್ಲಿ ಬಹುಪಾಲು ದಿನಗಳಲ್ಲಿ ಸಿಗುತ್ತದೆ, ಆದರೆ ಆಗ ಹೆಚ್ಚು ಹೊತ್ತು ತೆರೆದರೆ ಒಳಗಿನ ಗಾಳಿ ತೀರಾ ಒಣಗಿ ಬೇರೆ ಕಷ್ಟ.

ಆ ಕಷ್ಟ ಮತ್ತೆ ಉಪ್ಪಿನದೇ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ 75ಕ್ಕಿಂತ ಮೇಲಿದ್ದರೆ ಕರಗುತ್ತದೆ, ಕೆಳಗಿಳಿದರೆ ಹರಳಾಗುತ್ತದೆ. ಭಾನುವಾರದ ಪೂಜೆಗೆಂದು ಬಿಸಿಗಾಳಿ ಊದಿ ಎರಡು ಗಂಟೆಯಲ್ಲಿ ಚಾಪೆಲ್ ಬೆಚ್ಚಗೆ ಮಾಡಿದರೆ ತೇವಾಂಶ ಥಟ್ಟನೆ ಕುಸಿಯುತ್ತದೆ, ಸೋಮವಾರ ಮತ್ತೆ ಏರುತ್ತದೆ. ವಾರಕ್ಕೊಮ್ಮೆ ಬಣ್ಣದ ಪದರದ ಹಿಂದೆ ಉಪ್ಪು ಹರಳಾಗಿ ಕರಗಿದರೆ ವರ್ಷಕ್ಕೆ ಐವತ್ತು ಸಲ ಬಣ್ಣವನ್ನು ಒಳಗಿನಿಂದ ತಳ್ಳಿದಂತೆ. ಚಳಿಗಾಲದಲ್ಲಿ ಸದಾ 8ರಿಂದ 10 ಡಿಗ್ರಿ ಕಾಯ್ದುಕೊಂಡು, ಹೆಚ್ಚಿಸುವುದಾದರೆ ಗಂಟೆಗೆ 1 ಡಿಗ್ರಿಗಿಂತ ಹೆಚ್ಚಿಸಬಾರದು ಎಂಬುದು ಚರ್ಚುಗಳಿಗೆ ತಜ್ಞರು ಕೊಡುವ ಸಾಮಾನ್ಯ ಸಲಹೆ. ಆರ್ಥೊಡಾಕ್ಸ್ ಪೂಜೆಯಲ್ಲಿ ಜನ ಬಹುಪಾಲು ನಿಂತೇ ಇರುತ್ತಾರೆ. ಇಡೀ ಗುಮ್ಮಟದ ಗಾಳಿ ಕಾಯಿಸುವುದಕ್ಕಿಂತ ಅವರು ನಿಲ್ಲುವ ಜಾಗದಲ್ಲಿ ರತ್ನಗಂಬಳಿಯಡಿ ಬಿಸಿ ಚಾಪೆ ಹಾಕುವುದು ಜಾಣತನ.

ಜನರ ಉಸಿರಿನಿಂದಲೇ ಚಿತ್ರ ಹಾಳಾಗುತ್ತದೆ, ಪೂಜೆ ನಿಲ್ಲಿಸಿ ಮ್ಯೂಸಿಯಂ ಮಾಡಿ ಎಂಬ ವಾದ ಇಂಥ ಕಡೆ ಆಗಾಗ ಏಳುತ್ತದೆ. ಲೆಕ್ಕ ಹಾಕೋಣ. ಸುಮ್ಮನೆ ಇರುವ ಒಬ್ಬ ಮನುಷ್ಯ ಗಂಟೆಗೆ ಸುಮಾರು 50 ಗ್ರಾಂ ನೀರಿನ ಆವಿ ಬಿಡುತ್ತಾನೆ. 60 ಜನ ಒಂದೂವರೆ ಗಂಟೆ ಇದ್ದರೆ ನಾಲ್ಕೂವರೆ ಲೀಟರ್. ಒಳಗೆ 1500 ಘನ ಮೀಟರ್ ಗಾಳಿ ಇದೆ ಎಂದು ಇಟ್ಟುಕೊಂಡರೆ ಪ್ರತಿ ಘನ ಮೀಟರಿಗೆ 3 ಗ್ರಾಂ. ಕಡಿಮೆಯಲ್ಲ, ಆದರೆ ಪೂಜೆ ಮುಗಿದ ಕೂಡಲೇ ಹೊರಗಿನ ಗಾಳಿ ಒಣಗಿದ್ದರೆ ಅರ್ಧ ಗಂಟೆ ಎದುರುಬದುರು ಗಾಳಿ ಆಡಿಸಿದರೆ ಬಹುಪಾಲು ಹೋಗುತ್ತದೆ. ಮೇಲೆ ಹೇಳಿದ ಎಲೆ ಕಟ್ಟಿದ ದೋಣಿ ಹತ್ತು ನಿಮಿಷದಲ್ಲಿ ಸುರಿಯುವ 1800 ಲೀಟರಿನ ಪಕ್ಕದಲ್ಲಿ ಇಟ್ಟು ನೋಡಿದರೆ ಭಕ್ತರ ಉಸಿರನ್ನು ದೂರುವುದು ಅನ್ಯಾಯ ಎಂದು ಗೊತ್ತಾಗುತ್ತದೆ.

ಮೇಣದಬತ್ತಿಯ ಮಸಿ ಮಾತ್ರ ನಿಜವಾದ ತೊಂದರೆ. ಗಾಳಿಯ ಸೆಳೆತಕ್ಕೆ ಜ್ವಾಲೆ ಅಲುಗಿದಾಗ ಮಸಿ ಹೆಚ್ಚುತ್ತದೆ, ಅದು ಗೋಡೆಯ ತಣ್ಣಗಿನ ಭಾಗಕ್ಕೇ ಹೋಗಿ ಅಂಟುತ್ತದೆ. ಇದಕ್ಕೂ ಪರಿಹಾರ ಸಂಪ್ರದಾಯದೊಳಗೇ ಇದೆ. ರುಮೇನಿಯಾದ ಚರ್ಚುಗಳಲ್ಲಿ ಬದುಕಿರುವವರಿಗೊಂದು, ಅಗಲಿದವರಿಗೊಂದು ಎಂದು ಬೇರೆ ಬೇರೆ ಖಾನೆಗಳಿರುವ ತಗಡಿನ ಪೆಟ್ಟಿಗೆಯಲ್ಲಿ ಮೇಣದಬತ್ತಿ ಹಚ್ಚುತ್ತಾರೆ, ಆ ಪೆಟ್ಟಿಗೆ ಹೆಚ್ಚಾಗಿ ಚರ್ಚಿನ ಹೊರಗೇ ಇರುತ್ತದೆ. ಸತ್ತವರ ನೆನಪಿಗೆ ಬೇಯಿಸಿದ ಗೋಧಿಯ ನೈವೇದ್ಯ ತಂದು ಮಂತ್ರ ಹೇಳಿಸುವ ಅವರ ಪದ್ಧತಿ ನಮ್ಮ ತಿಥಿಗೆ ಬಹಳ ದೂರದ್ದಲ್ಲ. ಅದಕ್ಕೆ ಅಡ್ಡಿಯಾಗದಂತೆ ದೀಪದ ಪೆಟ್ಟಿಗೆಯನ್ನು ಹೊರಗಿಡಲು ಪಾದ್ರಿಯ ಜೊತೆ ಕೂತು ಮಾತಾಡಿದರೆ ಸಾಕು, ಇಲಾಖೆಯ ನೋಟಿಸು ಬೇಕಿಲ್ಲ. ಈಗಾಗಲೇ ಕೂತ ಮಸಿಯನ್ನು ಒಣ ರಬ್ಬರ್ ಸ್ಪಂಜಿನಿಂದ ಪರಿಣತರು ತೆಗೆಯಬೇಕು. ಒದ್ದೆ ಬಟ್ಟೆ ಮುಟ್ಟಿಸಿದರೆ ಮಸಿ ಬಣ್ಣದೊಳಕ್ಕೆ ಇಳಿಯುತ್ತದೆ.

ಬಳಕೆ ನಿಂತ ಕಟ್ಟಡಕ್ಕೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಅದೇ ಊರಿನ ಫ್ಲೊರೆಂಟಿನರ್ ಗುಡ್ಡದ ಮೇಲೆ ‘ಹೊಸ ಅರಮನೆ’ ಇದೆ. ಹೆಸರಿಗೆ ಹೊಸದು, ಬಾಡೆನ್ ಮನೆತನದ ಅರಸರು ಅಲ್ಲಿಗೆ ಬಂದದ್ದು 15ನೇ ಶತಮಾನದಲ್ಲಿ. 1995ರಲ್ಲಿ ಮನೆತನದವರು ಅರಮನೆಯ ವಸ್ತುಗಳನ್ನು ಸೋಥೆಬೀಸ್ ಮೂಲಕ ಹರಾಜು ಹಾಕಿಸಿದರು. 2003ರಲ್ಲಿ ಕಟ್ಟಡವೇ ಕುವೈತ್‌ನ ಹೂಡಿಕೆದಾರರಿಗೆ ಮಾರಾಟವಾಯಿತು. ಐಷಾರಾಮಿ ಹೋಟೆಲು ಮಾಡುವ ಯೋಜನೆ ಇತ್ತು. ಇಪ್ಪತ್ತು ವರ್ಷ ದಾಟಿದರೂ ಹೋಟೆಲು ತೆರೆದಿಲ್ಲ. ಖಾಲಿ ಕಟ್ಟಡದ ಕಷ್ಟ ಏನೆಂದರೆ, ಮಾಡು ಸೋರಿದ್ದು ಯಾರಿಗೂ ಕಾಣುವುದಿಲ್ಲ. ಜನ ಓಡಾಡುವ ಮನೆಯಲ್ಲಿ ಮರುದಿನವೇ ಗೊತ್ತಾಗುವ ಸೋರಿಕೆ ಖಾಲಿ ಮನೆಯಲ್ಲಿ ಗೊತ್ತಾಗುವುದು ಛಾವಣಿಯ ತುಂಡು ಬಿದ್ದಾಗ. ಮರದ ತೊಲೆಯ ತೇವ ಶೇ 20 ದಾಟಿ ಕೆಲವು ತಿಂಗಳು ಹಾಗೇ ಉಳಿದರೆ ಶಿಲೀಂಧ್ರ ಹಿಡಿಯುತ್ತದೆ, ಕೆಲವು ಜಾತಿಯವು ಕಲ್ಲುಗೋಡೆಯ ಒಳಗಿನಿಂದಲೇ ಹಬ್ಬಿ ಪಕ್ಕದ ತೊಲೆಗೂ ಹೋಗುತ್ತವೆ.

ಅದೇ ಬಾಡೆನ್ ಮನೆತನದ ಇನ್ನೊಂದು ಸ್ಮಾರಕ ಊರಿನ ಇನ್ನೊಂದು ತುದಿಯಲ್ಲಿದೆ. 1245ರಲ್ಲಿ ಅರಸಿ ಇರ್ಮೆನ್‌ಗಾರ್ಡ್ ಸ್ಥಾಪಿಸಿದ ಲಿಖ್ಟೆಂಟಾಲ್ ಸನ್ಯಾಸಿನಿಯರ ಮಠ. ಅಲ್ಲಿ 1288ರಲ್ಲಿ ಕಟ್ಟಿದ ಅರಸು ಚಾಪೆಲ್ಲಿನಲ್ಲಿ ಬಾಡೆನ್ ಅರಸರ ಸಮಾಧಿಗಳಿವೆ. 1803ರ ಹೊತ್ತಿಗೆ ಜರ್ಮನ್ ರಾಜ್ಯಗಳು ಮಠಗಳನ್ನು ಸಾಲುಸಾಲಾಗಿ ಮುಚ್ಚಿ ಆಸ್ತಿ ವಶಪಡಿಸಿಕೊಂಡಾಗ ಈ ಮಠ ಉಳಿದದ್ದು ಬಾಡೆನ್ ಅರಸರ ಪೂರ್ವಜರ ಸಮಾಧಿ ಅಲ್ಲಿದೆ ಎಂಬ ಕಾರಣಕ್ಕೆ. ಸಮಾಧಿ ಮಠವನ್ನು ಉಳಿಸಿತು, ಸನ್ಯಾಸಿನಿಯರು ಸಮಾಧಿಯನ್ನು ನೋಡಿಕೊಂಡರು. ಇಂದಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಸ್ತುರ್ಜಾ ಚಾಪೆಲ್ಲನ್ನು ಮ್ಯೂಸಿಯಂ ಮಾಡಬೇಕೆನ್ನುವವರಿಗೆ ಈ ಎರಡು ಕಟ್ಟಡಗಳನ್ನು ಒಂದೇ ಮಧ್ಯಾಹ್ನ ನೋಡಿ ಬನ್ನಿ ಎನ್ನಬೇಕು.

ಉಳಿಸುವುದು ಎಂದರೆ ಕಲ್ಲು ಬಣ್ಣಗಳಷ್ಟೇ ಅಲ್ಲ, ಹೇಳುವ ಕಥೆಯೂ ಹೌದು. ಸ್ಮಾರಕದ ಮುಂದಿನ ಫಲಕದಲ್ಲಿ ಮಗನನ್ನು ಕಳೆದುಕೊಂಡ ಅಪ್ಪನ ದುಃಖ ಬರೆಯುವುದು ಸುಲಭ, ಅದು ನಿಜವೂ ಹೌದು. ಆದರೆ ಈ ಅಮೃತಶಿಲೆಗೆ ಹಣ ಬಂದದ್ದು ಮೊಲ್ಡಾವಿಯಾದಿಂದ. ಸ್ತುರ್ಜಾ 1835ರಲ್ಲಿ ಯಾಶ್ ಪಟ್ಟಣದಲ್ಲಿ ಉನ್ನತ ಶಿಕ್ಷಣದ ಅಕಾಡೆಮಿ ಸ್ಥಾಪಿಸಿದ. ಅದೇ ಅರಸನ ಮೇಲೆ ಹುದ್ದೆಗಳನ್ನು ಮಾರಿ ಹಣ ಕೂಡಿಸಿದ ಆರೋಪವೂ ಇದೆ. ಅವನ ಕಾಲದಲ್ಲಿ ರೋಮಾ ಎಂಬ ಅಲ್ಪಸಂಖ್ಯಾತ ಸಮುದಾಯದ ಜನರು ಆ ದೇಶದಲ್ಲಿ ಗುಲಾಮರಾಗಿದ್ದರು. 1844ರಲ್ಲಿ ಅವನ ಸರ್ಕಾರ ರಾಜ್ಯದ ಮತ್ತು ಮಠಗಳ ಒಡೆತನದ ಗುಲಾಮರನ್ನು ಬಿಡುಗಡೆ ಮಾಡಿತು. ಜಮೀನ್ದಾರರ ಗುಲಾಮರು ಮಾತ್ರ ಹಾಗೇ ಉಳಿದರು, ಅವರಿಗೆ ಬಿಡುಗಡೆ ಸಿಕ್ಕಿದ್ದು ಅವನು ಗದ್ದಿಗೆ ಬಿಟ್ಟ ಮೇಲೆ, 1855ರಲ್ಲಿ. ಮನೆತನಕ್ಕೆ ಗೌರವ ಸಲ್ಲಿಸುವ ಜಾಗದಲ್ಲಿ ಇದನ್ನು ಬರೆದರೆ ಅಗೌರವ ಎಂದು ಭಾವಿಸಬೇಕಿಲ್ಲ. ಅಕಾಡೆಮಿ, ಹುದ್ದೆ ಮಾರಿದ ಆರೋಪ, 1844ರ ಅರ್ಧ ಬಿಡುಗಡೆ ಮತ್ತು 1855ರ ಪೂರ್ಣ ಬಿಡುಗಡೆ, ಈ ನಾಲ್ಕೂ ಒಂದು ಫಲಕದಲ್ಲಿ ಎಂಟು ಸಾಲುಗಳಲ್ಲಿ ಹಿಡಿಯುತ್ತವೆ. ಅವನ್ನು ಜರ್ಮನ್ ಜೊತೆಗೆ ರುಮೇನಿಯನ್ ಭಾಷೆಯಲ್ಲೂ ಬರೆಯಬೇಕು, ಭಾನುವಾರ ಆ ಬಾಗಿಲು ದಾಟಿ ಒಳಹೋಗುವವರು ಓದುವ ಭಾಷೆ ಅದು.